ಸಹಾಯ ಬೇಕು: ಚಿಕ್ಕ ಆಫೀಸಿಗೆ ಯಾವ ಟ್ಯಾಕ್ಸ್ ಸಾಫ್ಟ್‌ವೇರ್?

ಎಲ್ಲರಿಗೂ ನಮಸ್ಕಾರ. ನಾನು, ಒಬ್ಬ ಅಸಿಸ್ಟೆಂಟ್, ಇಷ್ಟೇ ನಮ್ಮ ಆಫೀಸು. ಕ್ಲೈಂಟುಗಳ ಟ್ಯಾಕ್ಸ್ ರಿಟರ್ನ್ ವರ್ಷಕ್ಕೆ 200ರ ಒಳಗೆ. ಈಗಿರುವ ಸಾಫ್ಟ್‌ವೇರ್ ಬಿಡಬೇಕು ಅಂತ ತೀರ್ಮಾನ ಮಾಡಿಯಾಯ್ತು. ಕಳೆದ ಸಲ ಒಬ್ಬ ಕ್ಲೈಂಟಿನ ಹಿಂದಿನ ವರ್ಷದ ನಷ್ಟವನ್ನು ಅದು ಮುಂದಕ್ಕೆ ತರಲೇ ಇಲ್ಲ, ಆ ಕಾಲಂನಲ್ಲಿ ಸುಮ್ನೆ ಸೊನ್ನೆ ಕೂತಿತ್ತು, ಹಳೆಯ ರಿಟರ್ನಿನ ಪ್ರಿಂಟ್ ಪಕ್ಕದಲ್ಲಿಟ್ಟು ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಾ ಬಂದಿದ್ದಕ್ಕೆ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಹಾಗೇ ಸಲ್ಲಿಸಿಬಿಡುತ್ತಿದ್ದೆ.

ಡೆಮೊದಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ, ಅಲ್ವಾ? ಬಳಸಿದವರ ಮಾತು ಬೇಕು. ಹಳೆಯ ಡೇಟಾ, ಅದರಲ್ಲೂ ಸವಕಳಿ ಲೆಕ್ಕ, ಹೊಸದಕ್ಕೆ ಸರಿಯಾಗಿ ಬಂತಾ, ಇಲ್ಲ ಕೂತು ಟೈಪ್ ಮಾಡಬೇಕಾಯ್ತಾ? ಫಾರ್ಮ್ ಬದಲಾದರೆ ಅಪ್‌ಡೇಟ್ ಬೇಗ ಬರುತ್ತದಾ? ಕೊನೆಯ ವಾರದಲ್ಲಿ ಸಪೋರ್ಟಿನವರು ಫೋನ್ ಎತ್ತುತ್ತಾರಾ? ರಿಟರ್ನಿಗಿಷ್ಟು ಅಂತ ಕೊಡುವುದು ಲಾಭವೋ, ವರ್ಷದ ಲೈಸೆನ್ಸೋ?

ಟ್ಯಾಕ್ಸ್ ಕಾನೂನು, ತೀರ್ಪು ಹುಡುಕುವ ರಿಸರ್ಚಿಗೂ ಒಂದು ಸಾಫ್ಟ್‌ವೇರ್ ಬೇಕು. ತಿದ್ದುಪಡಿಗೆ ಮುಂಚೆ ಸೆಕ್ಷನ್ ಹೇಗಿತ್ತು ಅಂತ ತೋರಿಸಬೇಕು, ತೀರ್ಪು ಮೇಲಿನ ಕೋರ್ಟಿನಲ್ಲಿ ಬಿದ್ದುಹೋಗಿದ್ದರೆ ಅದನ್ನೂ ಹೇಳಬೇಕು. ಒಂದು ಎಐ ಟೂಲ್ ಟ್ರಯಲ್ ನೋಡಿದೆ. ಇಲ್ಲದ ತೀರ್ಪನ್ನು ನಂಬರ್ ಸಮೇತ ಹೇಳಿತು ಮಹರಾಯ! ಹುಡುಕಿ ಹುಡುಕಿ ಅರ್ಧ ದಿನ ಹೋಯ್ತು.

ಎರಡನ್ನೂ ಒಂದೇ ಕಂಪನಿಯಿಂದ ತೆಗೆದುಕೊಂಡವರು ಇದ್ದರೆ ದಯವಿಟ್ಟು ಮೊದಲು ನೀವು ಬರೆಯಿರಿ.