ಅಪ್‌ಡೇಟ್: ಚಿಕ್ಕಮ್ಮನ ಶ್ವಾಸಕೋಶದ ಕ್ಯಾನ್ಸರ್‌ಗೆ ಮಿದುಳಿನ ಎಂಆರ್‌ಐ ಏಕೆ?

ಬೀಡಿ, ಸಿಗರೇಟು ಎಂದೂ ಮುಟ್ಟದ, ತಲೆನೋವಿನ ಸುಳಿವೂ ಇಲ್ಲದ ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದೊಡನೆ ಮಿದುಳಿನ ಎಂಆರ್‌ಐ ಬರೆದುಕೊಟ್ಟದ್ದೇಕೆ ಎಂದು ಕೇಳಿದ್ದೆ. ಈಗ ಗೆಡ್ಡೆಯ ಜೀನ್ ಪರೀಕ್ಷೆಯ ವರದಿ ಬಂದಿದ್ದು, ಅದರಲ್ಲಿ ‘ಇಜಿಎಫ್‌ಆರ್, ಎಕ್ಸಾನ್ 19 ಡಿಲೀಷನ್’ ಎಂದಿದೆ; ಅಂದರೆ ಕೋಶಗಳಿಗೆ ಬೆಳೆಯುವ ಸೂಚನೆ ಕೊಡುವ ಇಜಿಎಫ್‌ಆರ್ ಜೀನ್‌ನ ಎಕ್ಸಾನ್ 19 ಎಂಬ ಭಾಗದಲ್ಲಿ ಒಂದು ತುಣುಕು ಅಳಿದುಹೋಗಿದೆ.

ಶಿವಮೊಗ್ಗದ ವೈದ್ಯರು ವಿವರಿಸಿದಂತೆ, ಧೂಮಪಾನ ಮಾಡದ ಏಷ್ಯಾದ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುವ ಇಜಿಎಫ್‌ಆರ್ ರೂಪಾಂತರವುಳ್ಳ ಗೆಡ್ಡೆಗಳು ಮಿದುಳಿಗೆ ಹರಡುವುದೂ, ಶ್ವಾಸಕೋಶದೊಳಗೇ ಸಣ್ಣ ಸಣ್ಣ ಗಂಟುಗಳಾಗಿ ಚೆದುರುವುದೂ ಹೆಚ್ಚು; ಎಎಲ್‌ಕೆ ಎಂಬ ಇನ್ನೊಂದು ಜೀನ್ ತುಂಡಾಗಿ ಬೇರೆಡೆ ಮರುಜೋಡಣೆಯಾದ ಗೆಡ್ಡೆಗಳು ಮಿದುಳಿನ ಜೊತೆಗೆ ಯಕೃತ್ತಿಗೂ, ಹೃದಯ ಹಾಗೂ ಶ್ವಾಸಕೋಶದ ಪೊರೆಗಳಿಗೂ ಹೋಗುವುದುಂಟು. ಆದರೂ ಅದೇ ರೂಪಾಂತರವಿದ್ದು ಮಿದುಳಿಗೆ ಏನೂ ಆಗದ ರೋಗಿಗಳೂ ಸಾಕಷ್ಟಿದ್ದಾರೆ. ಈ ಬದಲಾವಣೆ ಸಾಮಾನ್ಯವಾಗಿ ಗೆಡ್ಡೆಯ ಕೋಶಗಳಲ್ಲಷ್ಟೇ ಹುಟ್ಟುವುದರಿಂದ ಮಕ್ಕಳಿಗೆ ಬಳುವಳಿಯಾಗಿ ಹೋಗುವ ಭಯ ಬೇಡವೆಂದದ್ದು ತಂಗಿಗೆ ದೊಡ್ಡ ಸಮಾಧಾನ.

ಎಂಆರ್‌ಐ ಫಿಲಂನಲ್ಲಿ ಕಾಳುಮೆಣಸಿನಷ್ಟು ಗಾತ್ರದ ಬಿಳಿ ಚುಕ್ಕೆಗಳು, ಅಂದರೆ ಮಿದುಳಿಗೆ ಹರಡಿದ ಗಂಟುಗಳು, ಕಂಡವು. ಒಂದು ಕಿರುಮಿದುಳಿನ ಅಂಚಿನಲ್ಲಿತ್ತು. ಯಾವ ಲಕ್ಷಣವನ್ನೂ ತೋರದಷ್ಟು ಚಿಕ್ಕವಾದ್ದರಿಂದ ರೇಡಿಯೇಷನ್ನನ್ನು ಸದ್ಯಕ್ಕೆ ಮುಂದೂಡಿ, ಬದಲಾದ ಇಜಿಎಫ್‌ಆರ್ ಅನ್ನೇ ತಡೆಯುವ, ಅದೇ ಬಗೆಯ ಹಳೆಯ ಔಷಧ ಗೆಫಿಟಿನಿಬ್‌ಗಿಂತ ಚೆನ್ನಾಗಿ ಮಿದುಳನ್ನು ತಲುಪುವ ಒಸಿಮರ್ಟಿನಿಬ್ ಮಾತ್ರೆಯನ್ನು ದಿನಕ್ಕೊಂದರಂತೆ ಆರಂಭಿಸಿದ್ದಾರೆ. ಅದರ ಬೆಲೆ ಮಾತ್ರ ಅಡಿಕೆ ತೋಟವಿದ್ದವರ ಎದೆಯನ್ನೂ ನಡುಗಿಸುವಂಥದ್ದು. ಮುಂದಿನ ಎಂಆರ್‌ಐ ದೀಪಾವಳಿ ಕಳೆದ ಮೇಲೆ.