ಸೀಸನ್ ಶುರುವಾಗುತ್ತಲೇ ಎಂಜಿನ್ ಕೈಕೊಟ್ಟಿದೆ, ಎಲ್ಲಿಂದ ನೋಡಬೇಕು?

ಪ್ರಶ್ನೆ:
40 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹಾಕುವ ಎಂಜಿನ್), ಕಾರ್ಬ್ಯುರೇಟರ್ ಇರುವುದು. ಆರು ತಿಂಗಳು ನಿಲ್ಲಿಸಿಟ್ಟಿತ್ತು. ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತೆ, ಚೋಕ್ ಬಿಟ್ಟ ಕೂಡಲೇ ಆಫ್. ಪೂರ್ತಿ ಥ್ರಾಟಲ್ ಕೊಟ್ಟರೂ 3,000 ಆರ್‌ಪಿಎಂ ದಾಟಲ್ಲ. ಹೊಸ ಪ್ಲಗ್ ಹಾಕಿದರೂ ಅಷ್ಟೇ. ಟ್ಯಾಂಕಿನಲ್ಲಿರುವುದು ಹಳೇ ಪೆಟ್ರೋಲೇ. ಮೆಕ್ಯಾನಿಕ್ ಹತ್ತಿರ ಮೂರು ವಾರ ಸರದಿ ಇದೆ. ಅಷ್ಟು ದಿನ ದೋಣಿ ದಡದಲ್ಲೇ ಬಿದ್ದಿರಬೇಕಾ? ನಾವೇ ಏನು ಮಾಡಬಹುದು?

ಉತ್ತರ 1:
ಚೋಕ್ ಇದ್ದರೆ ಮಾತ್ರ ಓಡುತ್ತೆ ಅಂದರೆ ಎಂಜಿನ್‌ಗೆ ಸಾಕಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ದೋಣಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಟ್ಟಿ ಓಡಿಸಿ, ಎಂಜಿನ್ ಸೊರಗುವ ಹೊತ್ತಿಗೆ ಸರಿಯಾಗಿ ಇನ್ನೊಬ್ಬರು ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪಿನ ನಡುವೆ ಇರುವ ರಬ್ಬರ್ ಉಂಡೆ) ಹಿಚುಕಲಿ. ಹಿಚುಕಿದಾಗ ಚೇತರಿಸಿಕೊಂಡರೆ ತೊಂದರೆ ಟ್ಯಾಂಕಿನಿಂದ ಫ್ಯೂಯಲ್ ಪಂಪಿನವರೆಗಿನ ದಾರಿಯಲ್ಲಿದೆ: ಬಿರುಕು ಬಿಟ್ಟ ಪೈಪು, ಕನೆಕ್ಟರಿನ ಸವೆದ ಓ-ರಿಂಗ್, ಕಟ್ಟಿದ ಫಿಲ್ಟರ್, ಇಲ್ಲವೇ ಪಂಪಿನೊಳಗಿನ ತೆಳು ಪೊರೆ (ಡಯಾಫ್ರಂ). ಬಲ್ಬ್ ಚಪ್ಪಟೆಯಾಗಿ ಹಾಗೇ ಉಳಿದರೆ ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯಾ ನೋಡಿ. ಹಿಚುಕಿದರೂ ಏನೂ ವ್ಯತ್ಯಾಸ ಇಲ್ಲ ಅಂದರೆ ಬಹುಶಃ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಕಟ್ಟಿದೆ.

ಟ್ಯಾಂಕಿನ ತಳದಿಂದ ಒಂದು ಗಾಜಿನ ಜಾರ್ ತುಂಬ ಪೆಟ್ರೋಲ್ ತೆಗೆದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತೆ. ತೇವ ಮಿತಿಮೀರಿದಾಗ ನೀರು, ಎಥನಾಲ್ ಎರಡೂ ಸೇರಿ ಕೆಳಗೆ ಬೇರೆ ಪದರವಾಗಿ ಕೂರುತ್ತವೆ.

ಪ್ರಶ್ನೆ ಕೇಳಿದವರು:
ಬಲ್ಬ್ ಹಿಚುಕಿದರೂ ವ್ಯತ್ಯಾಸ ಇಲ್ಲ. ಜಾರಿನ ತಳದಲ್ಲಿ ಒಂದು ಬೆರಳಷ್ಟು ಮಬ್ಬು ಪದರ ಇದೆ.

ಉತ್ತರ 1:
ಹಾಗಾದರೆ ಕಾರ್ಬ್ಯುರೇಟರ್ ಬಿಚ್ಚಲೇಬೇಕು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಫಿಲ್ಟರ್ ಹೊಸದು ಹಾಕಿ. ಆ ಪೆಟ್ರೋಲಿಗೆ ಹೊಸದನ್ನು ಬೆರೆಸಿ ಓಡಿಸುವ ಆಸೆ ಬೇಡ, ತೊಳೆದ ಜೆಟ್ ಮತ್ತೆ ಕಟ್ಟುತ್ತೆ. ಬ್ಯಾಟರಿ ಕನೆಕ್ಷನ್ ತೆಗೆದು, ಎಂಜಿನ್ ತಣ್ಣಗಾದ ಮೇಲೆ ಗಾಳಿಯಾಡುವ ಕಡೆ ಕೆಲಸ ಮಾಡಿ.

ಲಿಂಕೇಜ್ (ಥ್ರಾಟಲ್, ಚೋಕ್ ಎಳೆಯುವ ಸರಳುಗಳು) ಬಿಚ್ಚುವ ಮುಂಚೆ ಫೋಟೋ ತೆಗೆದಿಡಿ. ಐಡಲ್ ಮಿಕ್ಸ್ಚರ್ ತಿರುಪನ್ನು (ನಿಧಾನ ಓಟದಲ್ಲಿ ಪೆಟ್ರೋಲ್-ಗಾಳಿಯ ಪ್ರಮಾಣ ಹೊಂದಿಸುವುದು) ಸುತ್ತು ಎಣಿಸುತ್ತಾ ಮೆಲ್ಲಗೆ ತಳ ಮುಟ್ಟುವವರೆಗೆ ಒಳಗೆ ತಿರುಗಿಸಿ, ಲೆಕ್ಕ ಬರೆದಿಟ್ಟುಕೊಂಡು ಆಮೇಲೆ ಹೊರತೆಗೆಯಿರಿ. ಬಹಳ ಜನ ಎಡವುವುದು ಜೆಟ್ ತೊಳೆಯುವಾಗ. ಐಡಲ್ ಜೆಟ್ಟಿನ ತೂತು ಅರ್ಧ ಮಿಲಿಮೀಟರ್ ಆಸುಪಾಸು. ಅದಕ್ಕೆ ಉಕ್ಕಿನ ತಂತಿ ಹಾಕಿದರೆ ತೂತು ದೊಡ್ಡದಾಗಿ ಜೆಟ್ಟೇ ಹಾಳು. ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿಯಿರಿ. ದುಂಡಗೆ ಬೆಳಕು ಕಾಣಬೇಕು, ಅಂಚಿನಲ್ಲಿ ಕಂದು ಅಂಟು ಉಳಿದಿದ್ದರೆ ಮತ್ತೊಮ್ಮೆ ನೆನೆಸಿ. ಕ್ಲೀನರ್ ರಬ್ಬರನ್ನು ತಿನ್ನುತ್ತೆ, ಓ-ರಿಂಗ್, ಫ್ಲೋಟ್ ಎಲ್ಲಾ ಮೊದಲೇ ತೆಗೆದಿಡಿ.

ಉತ್ತರ 2:
ಒಂದು ಎಚ್ಚರಿಕೆ. ತೊಳೆದು ಜೋಡಿಸಿದ ಖುಷಿಯಲ್ಲಿ ನೀರಿಲ್ಲದೆ "ಒಂದೇ ಸಲ" ಸ್ಟಾರ್ಟ್ ಮಾಡಬೇಡಿ. ಎಂಜಿನ್ ತಂಪಾಗಿಡುವ ವಾಟರ್ ಪಂಪಿನ ರೆಕ್ಕೆಚಕ್ರ (ಇಂಪೆಲ್ಲರ್) ರಬ್ಬರಿನದು, ಒಣಗಿ ತಿರುಗಿದರೆ ಸೆಕೆಂಡುಗಳಲ್ಲೇ ರೆಕ್ಕೆ ಸುಟ್ಟುಹೋಗುತ್ತೆ. ಇಂಪೆಲ್ಲರ್ ಬದಲಾಯಿಸುವಾಗ ಹಳೆಯದರಲ್ಲಿ ರೆಕ್ಕೆ ಮುರಿದಿದ್ದರೆ ಆ ಚೂರನ್ನು ಹುಡುಕಿ ತೆಗೆಯದೆ ಮುಚ್ಚಬೇಡಿ. ಅದು ಮೇಲೆ ಹೋಗಿ ನೀರಿನ ದಾರಿಯಲ್ಲೋ ಥರ್ಮೋಸ್ಟಾಟಿನಲ್ಲೋ ಸಿಕ್ಕಿಕೊಂಡರೆ ಹೊಸ ಇಂಪೆಲ್ಲರ್ ಇದ್ದೂ ಎಂಜಿನ್ ವಿಪರೀತ ಬಿಸಿಯಾಗುತ್ತೆ.

ಗೇರ್ ಆಯಿಲನ್ನೂ ನೋಡಿಬಿಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಒಳಗೆ ಹೋಗಿದೆ. ಎಷ್ಟೋ ಸಲ ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡ ಮೀನಿನ ಗಾಳದ ದಾರವೇ ಸೀಲನ್ನು ಕೊಯ್ದಿರುತ್ತೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ತುಂಬಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕಿದ ಮೇಲೆ ಮೊದಲು ಮೇಲಿನ ತಿರುಪು, ಆಮೇಲೆ ಕೆಳಗಿನದು.

ಉತ್ತರ 3:
ರಿಪೇರಿ ಕೆಲಸ ಅರ್ಧ ದಿನದ್ದು. ವಾರಗಟ್ಟಲೆ ಹೋಗುವುದು ಪಾರ್ಟ್ಸ್‌ಗೆ ಕಾಯುವುದರಲ್ಲಿ. ಇಂಪೆಲ್ಲರ್ ಕಿಟ್, ಥರ್ಮೋಸ್ಟಾಟ್ ಮತ್ತದರ ಗ್ಯಾಸ್ಕೆಟ್, ಫಿಲ್ಟರ್, ಗೇರ್ ಆಯಿಲ್ ತಿರುಪಿನ ಎರಡು ವಾಷರ್ ಮನೆಯಲ್ಲೇ ಇರಲಿ. ತರಿಸುವಾಗ ಎಚ್‌ಪಿ ಹೇಳಿದರೆ ಸಾಲದು, ಮಾಡೆಲ್, ಸೀರಿಯಲ್ ನಂಬರ್ ಎರಡೂ ಕೊಡಿ.

ಮುಂದಿನ ಸಲ ನಿಲ್ಲಿಸುವಾಗ ತಾಜಾ ಪೆಟ್ರೋಲಿಗೆ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ದ್ರವ) ಬೆರೆಸಿ, ನೀರಿನ ಕನೆಕ್ಷನ್ ಕೊಟ್ಟು ಹತ್ತು ನಿಮಿಷ ಓಡಿಸಿ, ಆಮೇಲೆ ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ (ಫ್ಲೋಟ್ ಬೌಲ್) ಡ್ರೈನ್ ತಿರುಪು ಬಿಚ್ಚಿ ಪೂರ್ತಿ ಬಸಿಯಿರಿ. ಎಂಜಿನ್ ನೆಟ್ಟಗೆ ನಿಲ್ಲಿಸಿಡಿ, ಒಳಗಿನ ನೀರು ತಾನಾಗಿ ಇಳಿದುಹೋಗುತ್ತೆ.