ನೀರಿನ ಟಾಕಿ ಗೋಡೆಗೆ ಜಾಲರಿ ಬಿರುಕು: ಖಡಿಯದೇ ದೋಷವೇನ್ರಿ?

ಪ್ರಶ್ನೆ: ಧಾರವಾಡದ ಹತ್ತಿರ ಏಳು ವರ್ಷದ ಆರ್‌ಸಿಸಿ ಟಾಕಿ. ಹೊರಗೋಡೆ ತುಂಬ ಜಾಲರಿ ಬಿರುಕು, ಬಿಳಿ ಅಂಟು ಒಸರುತ್ತಿದೆ. ಘನ ಮೀಟರಿಗೆ 400 ಕೆಜಿ ಓಪಿಸಿ (ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟು) ಹಾಕಿದ್ದರು. ಹೊಸ ಟಾಕಿಗೆ ಅದೇ ಕ್ವಾರಿ ಖಡಿ ನಡೀತದೇನ್ರಿ?

ಉತ್ತರ 1: ಬಿಳಿ ಕಂಡ ಕೂಡಲೇ ಕ್ಷಾರ-ಸಿಲಿಕಾ ಕ್ರಿಯೆ (ಸಿಮೆಂಟಿನ ಕ್ಷಾರ ಖಡಿಯ ಸಿಲಿಕಾ ಜೊತೆ ಸೇರಿ ಉಬ್ಬುವ ಅಂಟು, ಅಂದರೆ ಜೆಲ್, ಆಗೋದು) ಅನ್ನಬೇಡ್ರಿ. ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಡ್ರಿ. ಜೋರಾಗಿ ನೊರೆ ಬಂದರೆ ಸುಣ್ಣದ ಕಾರ್ಬೊನೇಟ್. ಆದರೆ ಹಳೆ ಜೆಲ್ ಮೇಲೂ ಕಾರ್ಬೊನೇಟ್ ಕಟ್ಟಿರುತ್ತದೆ, ಹಾಗಾಗಿ ಕೋರ್ (ಕೊರೆದ ಕಾಂಕ್ರೀಟ್ ತುಂಡು) ತೆಗೆಸಿ ಪೆಟ್ರೋಗ್ರಫಿ (ಸೂಕ್ಷ್ಮದರ್ಶಕದ ಪರೀಕ್ಷೆ) ಮಾಡಿಸೋದೇ ಖಾತ್ರಿ. ಖಡಿಯ ಅಂಚಿನಲ್ಲಿ ಜೆಲ್, ಖಡಿಯನ್ನೇ ಸೀಳಿದ ಬಿರುಕು ಕಂಡರೆ ಅದು ಕ್ಷಾರ-ಸಿಲಿಕಾ ಕ್ರಿಯೆಯೇ, ಅನುಮಾನವಿಲ್ಲ.

ಉತ್ತರ 2: ಸಿಮೆಂಟಿನ ಸೋಡಿಯಂ, ಪೊಟ್ಯಾಶಿಯಂನಿಂದ ಕಾಂಕ್ರೀಟಿನ ರಂಧ್ರದ ನೀರಿನ ಪಿಎಚ್ (ಕ್ಷಾರತೆಯ ಅಳತೆ) 13 ದಾಟುತ್ತದೆ. ಆ ಹೈಡ್ರಾಕ್ಸೈಡ್ ಅಸ್ತವ್ಯಸ್ತ ರಚನೆಯ ಸಿಲಿಕಾವನ್ನು ಕರಗಿಸಿ ಜೆಲ್ ಮಾಡುತ್ತದೆ, ಜೆಲ್ ನೀರು ಹೀರಿ ಉಬ್ಬುತ್ತದೆ. ಧಾರವಾಡ ಶಿಲಾಪಟ್ಟಿಯ ಚರ್ಟ್, ಗ್ರೇವ್ಯಾಕಿ, ಒತ್ತಡಕ್ಕೆ ಸಿಕ್ಕ ಕ್ವಾರ್ಟ್ಜೈಟ್ ಕಲ್ಲುಗಳು ಇದಕ್ಕೆ ಒಳಗಾಗಬಲ್ಲವು. ಟಾಕಿಗೆ ತೇವ ಸದಾ ಇರೋದೇ.

ಉತ್ತರ 3: ಖಡಿಗೆ ವೇಗದ ಗಾರೆ-ಪಟ್ಟಿ ಪರೀಕ್ಷೆ ಮಾಡಿಸ್ರಿ: ಆ ಖಡಿಯ ಪುಡಿ ಹಾಕಿದ ಗಾರೆಯ ಪಟ್ಟಿಯನ್ನು 1 ನಾರ್ಮಲ್ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ 80 ಡಿಗ್ರಿ ಸೆಲ್ಸಿಯಸ್‌ಗೆ 14 ದಿನ ಇಡೋದು. ಹಿಗ್ಗುವಿಕೆ 0.10% ಒಳಗಿದ್ದರೆ ಸಾಮಾನ್ಯವಾಗಿ ನಿರಪಾಯ, 0.20% ಮೀರಿದರೆ ಬಿಟ್ಟುಬಿಡ್ರಿ, ನಡುವಿದ್ದರೆ ದೀರ್ಘ ಪರೀಕ್ಷೆ ಬೇಕು. ಕ್ಷಾರದ ಲೆಕ್ಕ ನೋಡ್ರಿ: 0.8% ಕ್ಷಾರದ ಸಿಮೆಂಟು 400 ಕೆಜಿ ಅಂದರೆ ಘನ ಮೀಟರಿಗೆ 3.2 ಕೆಜಿ ಕ್ಷಾರ, 0.6% ಇದ್ದರೆ 2.4 ಕೆಜಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವುದು ಈ 0.6% ಮಿತಿಯನ್ನೇ, ಜೊತೆಗೆ ಸಿಮೆಂಟಿನ ಒಂದು ಭಾಗದ ಬದಲು ಕನಿಷ್ಠ 20% ಹಾರುಬೂದಿ ಅಥವಾ 50% ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಹಾಕಿದರೆ ಇನ್ನೂ ಅನುಕೂಲ ಅಂತದೆ. ಹಳೆ ಟಾಕಿಗೆ ಬರೀ ಗಿಲಾವ್ ಮಾಡಿ ಮುಚ್ಚಬೇಡ್ರಿ. ಒಳಗಿನ ತೇವ ಹಾಗೇ ಉಳಿದರೆ ಉಬ್ಬುವಿಕೆ ನಿಲ್ಲೋದಿಲ್ಲ, ಗಿಲಾವೂ ಬಿರಿಯುತ್ತದೆ.